ಅಥ್ಲೆಟಿಕ್ ಟ್ರೈನಿಂಗ್ ಎಂಬ ವಿದ್ಯೆಯೂ ಅದರ ಜೀವಿಕೆಯೂ

ಶೂದ್ರಕನ ಮೃಚ್ಛಕಟಿಕದ ಎರಡನೆಯ ಅಂಕದಲ್ಲಿ, ಜೂಜಿನಲ್ಲಿ ಹತ್ತು ಸುವರ್ಣಗಳನ್ನು ಸೋತು ತಪ್ಪಿಸಿಕೊಂಡು ಓಡಿಬರುವ ಸಂವಾಹಕನೊಬ್ಬನಿದ್ದಾನೆ. ಆತನು ಪಾಟಲಿಪುತ್ರದ ಗೃಹಸ್ಥನೊಬ್ಬನ ಮಗ. ದೇಶ ನೋಡುವ ಕುತೂಹಲದಿಂದ ಉಜ್ಜಯಿನಿಗೆ ಬಂದು ಚಾರುದತ್ತನಲ್ಲಿ ಮೈ ಒತ್ತುವ ಕೆಲಸಕ್ಕೆ ನಿಂತವನು. ಅದು ಬಲು ಸುಕುಮಾರವಾದ ಕಲೆಯೆಂದು ವಸಂತಸೇನೆ ಮೆಚ್ಚಿ ನುಡಿದಾಗ, ಕಲೆಯೆಂದು ಕಲಿತದ್ದು ಈಗ ಜೀವಿಕೆಯಾಗಿ ಪರಿಣಮಿಸಿದೆ ಎಂಬ ಭಾವದ ಉತ್ತರವನ್ನು ಆತನು ಕೊಡುತ್ತಾನೆ. ಆ ಉತ್ತರದಲ್ಲಿ ತುಸು ನಾಚಿಕೆಯುಂಟು. ಪರರ ಮೈಯನ್ನು ಮುಟ್ಟಿ ಆರೈಕೆ ಮಾಡುವ ವಿದ್ಯೆಯು ಕಲೆಯಾಗಿರುವವರೆಗೆ ಗೌರವದ್ದು, ಕೂಲಿಗೆ ನಿಂತೊಡನೆ ಕೀಳಾದದ್ದು ಎಂಬ ಲೋಕದ ಎಣಿಕೆಯು ನಾಟಕಕಾರನಿಗೆ ಚೆನ್ನಾಗಿ ತಿಳಿದಿತ್ತು.

ಇಂಥದೇ ಒಂದು ವಿದ್ಯೆಯು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಕಳೆದ ನೂರು ನೂರೈವತ್ತು ವರ್ಷಗಳಲ್ಲಿ ಸೇವಕನ ಕೆಲಸವಾಗಿ ಹುಟ್ಟಿ, ಅಭ್ಯಾಸದಿಂದ ಬೆಳೆದು, ಕೊನೆಗೆ ವಿಶ್ವವಿದ್ಯಾನಿಲಯಗಳ ಉಚ್ಚ ಪದವಿಗೆ ವಿಷಯವಾಗಿ ನಿಂತಿದೆ. ಅದಕ್ಕೆ ಆ ದೇಶದಲ್ಲಿ ಅಥ್ಲೆಟಿಕ್ ಟ್ರೈನಿಂಗ್ ಎಂದು ಹೆಸರು. ಅದನ್ನು ಕಲಿತು ವೃತ್ತಿ ನಡೆಸುವವನು ಅಥ್ಲೆಟಿಕ್ ಟ್ರೈನರ್. ಇದರ ಸ್ವರೂಪವೇನು, ಪೂರ್ವಕಾಲದಲ್ಲಿ ಇದಕ್ಕೆ ಸಮಾನವಾದದ್ದು ಏನಿತ್ತು, ಇದು ಪಾಠಕ್ರಮವಾದ ಬಗೆ ಎಂತು, ಕಲಿತವನಿಗೆ ಯಾವ ಜೀವಿಕೆ ದೊರೆಯುತ್ತದೆ ಎಂಬಿಷ್ಟನ್ನು ಇಲ್ಲಿ ವಿಚಾರಿಸತಕ್ಕದ್ದಾಗಿದೆ.

ಮೊದಲು ಹೆಸರಿನ ವಿಷಯ. ಟ್ರೈನರ್ ಎಂಬುದನ್ನು ಕನ್ನಡದಲ್ಲಿ ತರಬೇತುದಾರನೆಂದು ಹೇಳುವ ರೂಢಿ ಬಲವಾಗಿದೆ. ಆ ಮಾತು ಪಾರಸಿಯ ಮೂಲಕ ಬಂದ ಅರಬ್ಬಿ ಮಾತು. ಸಾಕಿ ಬೆಳಸುವುದು, ತಿದ್ದಿ ರೂಢಿಗೆ ತರುವುದು ಎಂಬುದು ಅದರ ಅರ್ಥ. ಆದರೆ ಅಥ್ಲೆಟಿಕ್ ಟ್ರೈನರ್ ಎಂಬವನು ಓಟವನ್ನಾಗಲಿ ಕುಸ್ತಿಯನ್ನಾಗಲಿ ಕಲಿಸುವವನೇ ಅಲ್ಲ. ಕಲಿಸುವವನಿಗೆ ಆ ದೇಶದಲ್ಲಿ ಕೋಚ್ ಎಂದು ಬೇರೆ ಹೆಸರಿದೆ. ಆಟಗಾರನಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು, ಆದ ಪೆಟ್ಟನ್ನು ಕ್ರೀಡಾಂಗಣದಲ್ಲಿಯೇ ಪರೀಕ್ಷಿಸಿ ತತ್‌ಕ್ಷಣದ ಚಿಕಿತ್ಸೆಯನ್ನು ಮಾಡುವುದು, ವೈದ್ಯನ ಬಳಿಗೆ ಕಳುಹಿಸಬೇಕಾದವನನ್ನು ಕಳುಹಿಸುವುದು, ವಾಸಿಯಾಗುತ್ತಿರುವ ಅಂಗಕ್ಕೆ ಕ್ರಮಕ್ರಮವಾಗಿ ಬಲವನ್ನು ಮರಳಿ ತರುವುದು, ಆತನು ಮತ್ತೆ ಆಡಬಹುದೋ ಆಡಬಾರದೋ ಎಂಬುದನ್ನು ವೈದ್ಯನೊಡನೆ ಕೂಡಿ ನಿರ್ಣಯಿಸುವುದು, ಇವು ಅವನ ಕೆಲಸಗಳು. ಅವನು ವೈದ್ಯನ ಪದವಿಯನ್ನು ಪಡೆದವನಲ್ಲ. ಆದರೆ ವೈದ್ಯನ ನಿರ್ದೇಶದ ಮೇಲೆ ನಡೆಯುವ ಆರೋಗ್ಯವೃತ್ತಿಯವನು. ಹೆಸರೊಂದು ಕೆಲಸವೊಂದು ಆಗಿರುವುದರಿಂದ ಆ ದೇಶದಲ್ಲಿಯೂ ಜನಕ್ಕೆ ಭ್ರಾಂತಿಯುಂಟಾಗುತ್ತದೆ. ಹೆಸರನ್ನೇ ಬದಲಾಯಿಸಬೇಕೆಂಬ ಚರ್ಚೆಯೂ ವೃತ್ತಿಯವರಲ್ಲಿ ನಡೆದುದುಂಟು.

ಪದಗಳ ಮೂಲವನ್ನು ನೋಡಿದರೆ ಭ್ರಾಂತಿಯ ಬೇರು ತೋರುತ್ತದೆ. ಅಥ್ಲೀಟ್ ಎಂಬುದು ಪಣವನ್ನು ಹೇಳುವ ಗ್ರೀಕ್ ಮಾತಿನಿಂದ ಬಂದುದು: ಪಣಕ್ಕಾಗಿ ಸ್ಪರ್ಧಿಸುವವನು. ಟ್ರೈನ್ ಎಂಬುದು ಎಳೆಯುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಫ್ರೆಂಚ್ ಭಾಷೆಯ ಮಾರ್ಗವಾಗಿ ಬಂದುದು: ಬಳ್ಳಿಯನ್ನು ಎಳೆದು ಚಪ್ಪರಕ್ಕೆ ಹಬ್ಬಿಸುವಂತೆ ಬೇಕಾದ ಕಡೆಗೆ ಎಳೆಯುವುದು. ನಮ್ಮ ವ್ಯಾಯಾಮ ಶಬ್ದವಾದರೋ ವಿ ಮತ್ತು ಆ ಎಂಬ ಉಪಸರ್ಗಗಳು ಸೇರಿದ ಯಮ್ ಧಾತುವಿನಿಂದ ಆದುದು. ಉಪಸರ್ಗಬಲದಿಂದ ಅದಕ್ಕೆ ಚಾಚುವುದು, ಶ್ರಮಪಡುವುದು ಎಂಬ ಅರ್ಥ ಬಂದಿದ್ದರೂ, ಧಾತುಪಾಠದಲ್ಲಿ ಆ ಧಾತುವಿಗೆ ಉಪರಮವೇ, ಅಂದರೆ ನಿಲ್ಲುವುದೇ, ಅರ್ಥವೆಂದು ಹೇಳಿದೆ. ನಿರುಕ್ತಿಯಿಂದ ಶಾಸ್ತ್ರಾರ್ಥವನ್ನು ಸಾಧಿಸುವುದು ಸರಿಯಲ್ಲ. ಆದರೂ ಶ್ರಮವನ್ನು ಎಲ್ಲಿ ನಿಲ್ಲಿಸಬೇಕು, ಅದನ್ನು ನಿಲ್ಲಿಸುವ ಅಧಿಕಾರ ಯಾರದು ಎಂಬುದೇ ಈ ವಿದ್ಯೆಯ ಮುಖ್ಯ ಪ್ರಶ್ನೆಯಾದುದರಿಂದ ಈ ಧಾತ್ವರ್ಥವನ್ನು ಜ್ಞಾಪಿಸಿದ್ದು ಅಪ್ರಸ್ತುತವಾಗಲಾರದು.

ಈ ಪ್ರಶ್ನೆಯು ಯವನರಲ್ಲಿ ಬಹು ಹಿಂದೆಯೇ ಎದ್ದಿತ್ತು. ಅವರ ವ್ಯಾಯಾಮಶಾಲೆಗಳಲ್ಲಿ ಹುಡುಗರಿಗೆ ಕುಸ್ತಿಯ ಪಟ್ಟುಗಳನ್ನು ಕಲಿಸುವವನು ಪೈಡೊಟ್ರಿಬೇಸ್. ಶ್ರಮ, ಆಹಾರ, ವಿಶ್ರಾಂತಿಗಳ ಪ್ರಮಾಣವನ್ನು ಗೊತ್ತುಮಾಡುವವನು ಜಿಮ್ನಾಸ್ಟೇಸ್. ಎಣ್ಣೆ ಹಚ್ಚಿ ಮೈ ತಿಕ್ಕುವವನು ಅಲೈಪ್ಟೇಸ್. ಕಾಲಾಂತರದಲ್ಲಿ ಚಿಕಿತ್ಸೆಯ ರೂಪವಾಗಿ ಅಭ್ಯಂಗ ಮಾಡುವವನಿಗೆ ವೈದ್ಯವಾಚಕವನ್ನು ಮುಂದೆ ಸೇರಿಸಿ ಇಯಾಟ್ರಲೈಪ್ಟೇಸ್ ಎಂಬ ಹೆಸರೂ ಬಂತು. ಸೆಲಿಂಬ್ರಿಯದ ಹೆರೋಡಿಕಸ್ ಎಂಬ ವ್ಯಾಯಾಮಗುರುವು ರೋಗಗ್ರಸ್ತನಾಗಿ, ವ್ಯಾಯಾಮವನ್ನೂ ವೈದ್ಯವನ್ನೂ ಬೆರಸಿ, ಮೊದಲು ತನ್ನನ್ನೂ ಆಮೇಲೆ ಇತರರನ್ನೂ ಪೀಡಿಸಿದನೆಂದು ಪ್ಲೇಟೋ ತನ್ನ ರಿಪಬ್ಲಿಕ್ ಗ್ರಂಥದ ಮೂರನೆಯ ಭಾಗದಲ್ಲಿ ಹಾಸ್ಯ ಮಾಡುತ್ತಾನೆ. ಕ್ರಿ. ಶ. ಎರಡನೆಯ ಶತಮಾನದಲ್ಲಿ ಗೇಲನ್ ಎಂಬ ವೈದ್ಯನು, 157ರಿಂದ ಪೆರ್ಗಮಮ್ ನಗರದ ಖಡ್ಗಮಲ್ಲರಿಗೆ ಚಿಕಿತ್ಸಕನಾಗಿದ್ದವನು, ಆರೋಗ್ಯಪಾಲನವು ವೈದ್ಯಶಾಸ್ತ್ರಕ್ಕೆ ಸೇರಿದುದೋ ವ್ಯಾಯಾಮಶಾಸ್ತ್ರಕ್ಕೆ ಸೇರಿದುದೋ ಎಂಬ ಪ್ರಶ್ನೆಯನ್ನೇ ವಿಷಯವಾಗಿ ಮಾಡಿಕೊಂಡು ಥ್ರಾಸಿಬುಲಸ್ ಎಂಬ ಪ್ರಬಂಧವನ್ನು ಬರೆದನು. ವ್ಯಾಯಾಮಗುರುಗಳ ವಿಷಯದಲ್ಲಿ ಅವನಿಗೆ ಗೌರವವಿರಲಿಲ್ಲ. ಅವನು ಪಕ್ಷಪಾತಿಯೆಂಬುದನ್ನು ಮರೆಯಬಾರದು. ಆದರೆ ಅವನ ಆಕ್ಷೇಪಕ್ಕೆ ಆಧಾರವಿಲ್ಲದೆ ಇರಲಿಲ್ಲ.

ಆ ಆಧಾರವು ಪ್ರತಿಪಕ್ಷದ ಗ್ರಂಥದಲ್ಲಿಯೇ ದೊರೆಯುತ್ತದೆ. ಮೂರನೆಯ ಶತಮಾನದ ಫಿಲೋಸ್ಟ್ರಾಟಸ್ ವ್ಯಾಯಾಮವಿದ್ಯೆಯನ್ನು ಒಂದು ಜ್ಞಾನವೆಂದು ಸ್ಥಾಪಿಸುವುದಕ್ಕಾಗಿಯೇ ಜಿಮ್ನಾಸ್ಟಿಕಸ್ ಎಂಬ ಗ್ರಂಥವನ್ನು ರಚಿಸಿದನು. ಅವನ ಕಾಲದಲ್ಲಿ ಚತುರಹಃಕ್ರಮವೊಂದು ಬಳಕೆಯಲ್ಲಿತ್ತು: ಮೊದಲ ದಿನ ಸಿದ್ಧತೆಯ ಚುರುಕು ಶ್ರಮ, ಎರಡನೆಯ ದಿನ ಪೂರ್ಣ ಶ್ರಮ, ಮೂರನೆಯ ದಿನ ವಿಶ್ರಾಂತಿ, ನಾಲ್ಕನೆಯ ದಿನ ಮಧ್ಯಮ ಶ್ರಮ. ನೌಕ್ರಾಟಿಸ್ ಪಟ್ಟಣದ ಗೆರೆನಸ್ ಎಂಬ ಮಲ್ಲನು ಒಲಿಂಪಿಯದಲ್ಲಿ ಗೆದ್ದು, ಗೆಳೆಯರೊಡನೆ ಪಾನೋತ್ಸವ ಮಾಡಿ, ನಿದ್ರೆ ಕೆಟ್ಟು, ಮರುದಿನ ವ್ಯಾಯಾಮಶಾಲೆಗೆ ಬಂದು ತನಗೆ ಮೈ ಸರಿಯಿಲ್ಲವೆಂದು ಗುರುವಿಗೆ ಒಪ್ಪಿಕೊಂಡನು. ಗುರುವು ಚತುರಹಃಕ್ರಮಕ್ಕೆ ಭಂಗ ಬಂತೆಂದು ಸಿಟ್ಟಾಗಿ, ಆ ದಿನಕ್ಕೆ ಗೊತ್ತಾದ ಶ್ರಮವನ್ನು ಮಾಡಿಸಿಯೇ ತೀರಿದನು. ಗೆರೆನಸ್ ವ್ಯಾಯಾಮ ಮಾಡುತ್ತಿರುವಾಗಲೇ ಸತ್ತನು. ಆ ಮಲ್ಲನ ಗೋರಿಯು ಆಥೆನ್ಸಿನಿಂದ ಎಲ್ಯೂಸಿಸ್ಸಿಗೆ ಹೋಗುವ ಹಾದಿಯ ಬಲಗಡೆ ಇತ್ತೆಂದು ಫಿಲೋಸ್ಟ್ರಾಟಸ್ ಗುರುತು ಹೇಳುತ್ತಾನೆ. ಶಾಸ್ತ್ರವಿಲ್ಲದ್ದರಿಂದ ಈ ಮರಣವಾಗಲಿಲ್ಲ. ಶಾಸ್ತ್ರವಿತ್ತು, ಎದುರಿಗಿರುವ ದೇಹವನ್ನು ನೋಡುವ ಕಣ್ಣಿರಲಿಲ್ಲ.

ನಮ್ಮ ಆಯುರ್ವೇದದಲ್ಲಿ ಮಾತ್ರೆಯ ವಿಚಾರವು ಸ್ಪಷ್ಟವಾಗಿದೆ. ಚರಕನು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ವ್ಯಾಯಾಮವನ್ನು ಮಾತ್ರೆಯರಿತು ಮಾಡತಕ್ಕದ್ದೆಂದು ವಿಧಿಸಿ, ಅತಿಯಾದರೆ ಶ್ರಮ, ಕ್ಷಯ, ತೃಷ್ಣೆ, ರಕ್ತಪಿತ್ತ, ಕಾಸ, ಜ್ವರ, ಛರ್ದಿ ಮೊದಲಾದವು ಬರುವುವೆಂದು ಎಣಿಸುತ್ತಾನೆ. ಸುಶ್ರುತನು ಬಲದ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆನ್ನುವನಲ್ಲದೆ, ಆ ಅರ್ಧವನ್ನು ತಿಳಿಯುವ ಲಕ್ಷಣವನ್ನೂ ಕೊಡುತ್ತಾನೆ: ಹೃದಯಸ್ಥಾನದ ವಾಯುವು ಬಾಯಿಗೆ ಬರುವುದು, ಅಂದರೆ ಬಾಯಿಂದ ಉಸಿರಾಡಬೇಕಾಗುವುದು. ಯಂತ್ರದ ಸಹಾಯವಿಲ್ಲದೆ ನೋಡಿದಮಾತ್ರಕ್ಕೆ ತಿಳಿಯುವ ಗುರುತು. ವಾಗ್ಭಟನು ಅತಿವ್ಯಾಯಾಮ ಮಾಡುವವನನ್ನು ಆನೆಯನ್ನು ಎಳೆಯಹೊರಟ ಸಿಂಹಕ್ಕೆ ಹೋಲಿಸುತ್ತಾನೆ. ಆಂಗ್ಲೇಯ ಪದದ ಮೂಲದಲ್ಲಿಯೂ ಎಳೆಯುವುದೇ ಇದೆಯೆಂಬುದು ಕಾಕತಾಳೀಯವಷ್ಟೆ.

ಬಂಧನದ ವಿಷಯವೂ ಹಾಗೆಯೇ. ಸುಶ್ರುತನು ಹೇಳುವ ಹದಿನಾಲ್ಕು ಬಗೆಯ ಕಟ್ಟುಗಳಲ್ಲಿ ಸ್ವಸ್ತಿಕವೆಂಬುದು ಸಂಧಿಗಳಿಗೆ ಹೇಳಿದ್ದು. ಪಟ್ಟಿಯು ಒಂದರ ಮೇಲೊಂದು ಅಡ್ಡಹಾಯುವ ಕಟ್ಟು. ಇಂದಿನ ಅಥ್ಲೆಟಿಕ್ ಟ್ರೈನರನು ಹರಡಿನ ಕೀಲಿಗೆ ಎಂಟರ ಅಂಕಿಯ ಆಕಾರದಲ್ಲಿ ಸುತ್ತುವ ಪಟ್ಟಿಯು ಇದೇ ಜಾತಿಯದು. ಮುರಿದ ಅಂಗದ ಕಟ್ಟನ್ನು ತಂಪಾದ ಋತುಗಳಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಋತುಗಳಲ್ಲಿ ಐದು ದಿನಕ್ಕೊಮ್ಮೆ, ಉಷ್ಣಕಾಲದಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕೆಂದೂ, ಸಡಿಲವಾದರೆ ಸಂಧಿಗೆ ಸ್ಥೈರ್ಯವಿರದೆಂದೂ, ಬಿಗಿಯಾದರೆ ಬಾವು ನೋವು ಪಾಕಗಳು ಉಂಟಾಗುವುವೆಂದೂ ಆತನು ಹೇಳುತ್ತಾನೆ. ಇದು ಕೈಯಿಂದ ಮಾಡಿ ಕಂಡವನ ಮಾತು.

ಆದರೆ ಒಂದು ಭೇದವನ್ನು ಗಮನಿಸತಕ್ಕದ್ದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದ ವಿನೋದವಿಂಶತಿಯಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಮಲ್ಲರನ್ನು ವಯಸ್ಸು ಬಲಗಳಿಂದ ವಿಂಗಡಿಸುವ ಕ್ರಮ, ಅವರಿಗೆ ಅರಮನೆಯಿಂದ ಕೊಡಿಸತಕ್ಕ ಆಹಾರ, ಭಾರಶ್ರಮ ಭ್ರಮಣಶ್ರಮ ಸಲಿಲಶ್ರಮ ಸ್ತಂಭಶ್ರಮ ಮೊದಲಾದ ಅಭ್ಯಾಸಗಳು, ಕಾಳಗದ ಅಂಗಣ, ಇವೆಲ್ಲ ಅಲ್ಲಿ ನಿರೂಪಿತವಾಗಿವೆ. ಮಲ್ಲನನ್ನು ಸಾಕುವ ಕ್ರಮವು ಸಾಂಗವಾಗಿದೆ. ಆದರೆ ಪ್ರಕರಣದ ಹೆಸರೇ ಸೂಚಿಸುವಂತೆ ಅದು ರಾಜನ ವಿನೋದಕ್ಕಾಗಿ ಇದ್ದದ್ದು. ವೈದ್ಯಗ್ರಂಥದಲ್ಲಿ ಮಾತ್ರೆಯನ್ನು ಹೇಳಿದವನು ಗರಡಿಯಲ್ಲಿಲ್ಲ. ಗರಡಿಯಲ್ಲಿರುವವನು ರಾಜನ ಅನ್ನ ಉಣ್ಣುವವನು. 1964ರಲ್ಲಿ ಬಡೋದೆಯಿಂದ ಅಚ್ಚಾದ ಮಲ್ಲಪುರಾಣವು ಜ್ಯೇಷ್ಠಿಮಲ್ಲರದೇ ಪರಂಪರೆಯ ಗ್ರಂಥವಾದುದರಿಂದ ಮರ್ದನ, ಋತುವಿಗೆ ತಕ್ಕ ಆಹಾರ ಮುಂತಾದವನ್ನು ಒಳಗಿನಿಂದ ಹೇಳುತ್ತದೆ. ಮೈಸೂರಿನ ದಸರೆಯ ವಜ್ರಮುಷ್ಟಿ ಕಾಳಗದಿಂದ ಕನ್ನಡಿಗರಿಗೆ ಪರಿಚಿತರಾದ ಜಟ್ಟಿಗಳು ಈ ಹೆಸರಿನವರೇ. ತೆಲುಗು ಜಿಲ್ಲೆಗಳಲ್ಲಿ ಜಟ್ಟಿಗಳು ಲೇಪಗಳನ್ನು ತಿಕ್ಕಿ, ಮೈ ನೀವಿ, ನರಗಳ ನೋವು ಮೊದಲಾದವನ್ನು ವಾಸಿಮಾಡುತ್ತಿದ್ದರೆಂದು ಥರ್ಸ್ಟನ್ ಎಂಬವನು 1909ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಅಂದರೆ ಮಲ್ಲವಿದ್ಯೆಯೂ ಅಂಗಚಿಕಿತ್ಸೆಯೂ ಒಂದೇ ಕೈಯಲ್ಲಿದ್ದುವು. ಒಂದು ಕೈಯಲ್ಲಿರುವುದರ ಗುಣವೂ ಉಂಟು, ದೋಷವೂ ಉಂಟು. ಕಾಳಗಕ್ಕೆ ಕಳುಹಿಸುವವನೇ ಕಾಳಗ ಬೇಡವೆನ್ನುವುದು ಕಷ್ಟ.

ಈ ಎರಡು ಕೆಲಸಗಳನ್ನು ಬೇರ್ಪಡಿಸಿ, ಎರಡನೆಯದಕ್ಕೆ ಪ್ರತ್ಯೇಕವಾದ ವಿದ್ಯಾಭ್ಯಾಸವನ್ನು ಕಲ್ಪಿಸಿದ್ದೇ ಅಮೆರಿಕದ ವಿಶೇಷ. ಅದು ಒಂದು ದಿನದಲ್ಲಿ ಆದುದಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯವು 1881ರಲ್ಲಿ ಜೇಮ್ಸ್ ರಾಬಿನ್‌ಸನ್ ಎಂಬವನನ್ನು ನೇಮಿಸಿಕೊಂಡಿತು. ಈ ವೃತ್ತಿಯ ಚರಿತ್ರಕಾರರು ಅಲ್ಲಿಂದಲೇ ಲೆಕ್ಕ ಹಿಡಿಯುವುದು ವಾಡಿಕೆ. ಆಗಿನ ಟ್ರೈನರುಗಳಿಗೆ ತೈಲ, ಬಟ್ಟೆ, ನೀರಿನ ಬಕೀಟು ಇಷ್ಟೇ ಸಾಧನ. 1905ರಲ್ಲಿ ಅಮೆರಿಕದ ಫುಟ್‌ಬಾಲ್ ಆಟದಲ್ಲಿ ಅನೇಕ ತರುಣರು ಸತ್ತು ದೊಡ್ಡ ಕೋಲಾಹಲವಾಗಿ, ಅಧ್ಯಕ್ಷ ರೂಸ್‌ವೆಲ್ಟನು ವಿಶ್ವವಿದ್ಯಾನಿಲಯಗಳವರನ್ನು ಕರೆಸಿ ಮಾತನಾಡಿದನು. ಮರುವರ್ಷ ಹುಟ್ಟಿದ ಸಂಘವೇ 1910ರಿಂದ ರಾಷ್ಟ್ರೀಯ ಕಾಲೇಜು ಕ್ರೀಡಾಸಂಘವೆಂಬ ಹೆಸರಿನಿಂದ ನಡೆದುಬಂದಿದೆ. ಅದೇ 1906ರಲ್ಲಿ ಹಾರ್ವರ್ಡಿನ ನಿಕೋಲ್ಸ್ ಮತ್ತು ಸ್ಮಿತ್ ಎಂಬ ವೈದ್ಯರು ತಮ್ಮ ತಂಡದ ಒಂದು ಋತುವಿನ ಪೆಟ್ಟುಗಳನ್ನೆಲ್ಲ ಪಟ್ಟಿಮಾಡಿ ಬಾಸ್ಟನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ತಲೆಗೆ ಪೆಟ್ಟಾಗಿ ಮಿದುಳು ಅಲುಗುವುದನ್ನು ಆಟಗಾರರು ಕ್ಷುಲ್ಲಕವೆಂದು ಎಣಿಸುತ್ತಿದ್ದರೆಂದು ಅವರು ಬರೆದದ್ದು ನೂರು ವರ್ಷಗಳ ಅನಂತರವೂ ಹಳೆಯದಾಗಲಿಲ್ಲ. 1917ರ ಸುಮಾರಿಗೆ ಬಿಲಿಕ್ ಎಂಬವನು ಈ ವಿಷಯದ ಮೇಲೆ ಕೈಪಿಡಿಯೊಂದನ್ನು ಬರೆದನು. ಅದು ಟ್ರೈನರುಗಳ ಬೈಬಲ್ ಎಂದೇ ಪ್ರಸಿದ್ಧವಾಯಿತು. 1938ರಲ್ಲಿ ಕಟ್ಟಿದ ಸಂಘವೊಂದು ಯುದ್ಧಕಾಲದಲ್ಲಿ ನಿಂತುಹೋಯಿತು. 1950ರಲ್ಲಿ ಕನ್ಸಾಸ್ ಸಿಟಿಯಲ್ಲಿ ನೂರಕ್ಕೆ ಮೇಲ್ಪಟ್ಟು ಟ್ರೈನರುಗಳು ಸೇರಿ ಸ್ಥಾಪಿಸಿದ ರಾಷ್ಟ್ರೀಯ ಅಥ್ಲೆಟಿಕ್ ಟ್ರೈನರುಗಳ ಸಂಘವು ಉಳಿಯಿತು.

1959ರಲ್ಲಿ ಆ ಸಂಘವು ಮೊದಲನೆಯ ಪಾಠಕ್ರಮವನ್ನು ಒಪ್ಪಿತು. ಅದರಲ್ಲಿ ಎರಡು ಸಂಗತಿಗಳು ವಿಚಾರಾರ್ಹವಾಗಿವೆ. ಒಂದು, ಶರೀರರಚನೆ, ಶರೀರಕ್ರಿಯೆ, ಪೋಷಣ, ಪ್ರಥಮ ಚಿಕಿತ್ಸೆ ಮೊದಲಾದ ವಿಷಯಗಳ ಜೊತೆಗೆ ವಿದ್ಯಾರ್ಥಿಯು ಪ್ರೌಢಶಾಲೆಯ ಉಪಾಧ್ಯಾಯನಾಗುವ ಅರ್ಹತೆಯನ್ನೂ ಪಡೆಯಬೇಕೆಂದು ಅದು ಎಣಿಸಿತ್ತು. ಇನ್ನೊಂದು, ಭೌತಚಿಕಿತ್ಸೆಯ ಶಾಲೆಗೆ ಸೇರಲು ಬೇಕಾದ ಪೂರ್ವಪಾಠಗಳನ್ನು ಅದರಲ್ಲಿ ಸೇರಿಸಲಾಗಿತ್ತು. ಈ ವಿದ್ಯೆಯೊಂದನ್ನೇ ನಂಬಿದವನಿಗೆ ಅನ್ನ ಹುಟ್ಟೀತೆಂಬ ಭರವಸೆ ಅದನ್ನು ರಚಿಸಿದವರಿಗೇ ಇರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕವನ್ನೋ ವ್ಯಾಕರಣವನ್ನೋ ಓದಿದ ಮೇಲೆ ಜೀವನಕ್ಕಿರಲೆಂದು ಶಿಕ್ಷಕರ ಪರೀಕ್ಷೆಗೂ ಕಟ್ಟಿದವರಿಗೆ ಈ ಮುನ್ನೆಚ್ಚರಿಕೆಯನ್ನು ವಿವರಿಸಬೇಕಾಗಿಲ್ಲ. 1969ರಲ್ಲಿ ನಾಲ್ಕು ಸಂಸ್ಥೆಗಳ ಪಾಠಕ್ರಮಗಳಿಗೆ ಮೊದಲ ಮನ್ನಣೆ ದೊರೆಯಿತು. 1970ರಲ್ಲಿ ಮೊದಲ ಅರ್ಹತಾ ಪರೀಕ್ಷೆ ನಡೆಯಿತು. 1972ರಲ್ಲಿ ಸ್ತ್ರೀಯೊಬ್ಬಳು ಮೊದಲ ಬಾರಿಗೆ ಆ ಪರೀಕ್ಷೆಯಲ್ಲಿ ತೇರ್ಗಡೆಯಾದಳು. 1990ರಲ್ಲಿ ಅಮೆರಿಕದ ವೈದ್ಯಸಂಘವು ಇದನ್ನು ವೈದ್ಯಸಹಾಯಕ ವೃತ್ತಿಗಳಲ್ಲಿ ಒಂದೆಂದು ಅಂಗೀಕರಿಸಿತು. ಸೇವಕನ ಕೆಲಸವು ವಿದ್ಯೆಯಾಯಿತೆಂದು ಹೇಳಬಹುದಾದ ಘಟ್ಟವಿದು.

ಇಷ್ಟಾದರೂ ಬಹುಕಾಲ ಈ ವೃತ್ತಿಗೆ ಎರಡು ಬಾಗಿಲುಗಳಿದ್ದುವು. ಮನ್ನಣೆ ಪಡೆದ ಪಾಠಕ್ರಮವನ್ನು ಮುಗಿಸಿ, 800 ಗಂಟೆಗಳ ಅನುಭವದೊಡನೆ ಪರೀಕ್ಷೆಗೆ ಕೂರುವುದು ಒಂದು. ಅಂಥ ಪಾಠಕ್ರಮವಿಲ್ಲದ ಕಡೆ, ನುರಿತ ಟ್ರೈನರನ ಕೈಕೆಳಗೆ 1500 ಗಂಟೆಗಳ ಕಾಲ ಕೆಲಸ ಮಾಡಿ, ಕೆಲವೇ ಗೊತ್ತಾದ ಪಾಠಗಳನ್ನು ಓದಿ ಪರೀಕ್ಷೆಗೆ ಕೂರುವುದು ಇನ್ನೊಂದು. ಎರಡನೆಯದು ನಮ್ಮ ಗುರುಕುಲದ ಕ್ರಮಕ್ಕೆ ಸಮೀಪವಾದದ್ದು. 2004ರಿಂದ ಈ ಎರಡನೆಯ ಬಾಗಿಲು ಮುಚ್ಚಿತು. ಇದರಿಂದ ವಿದ್ಯೆಗೆ ಒಂದೇ ಪ್ರಮಾಣ ಬಂದದ್ದು ನಿಜ. ಗುರುವಿನ ಗುಣವನ್ನು ನೆಚ್ಚಿ ಶಿಷ್ಯನ ವಿದ್ಯೆಯು ಏರಿಳಿಯುವುದು ತಪ್ಪಿತು. ಬಡವರ ಮಕ್ಕಳಿಗೆ ದುಡಿಯುತ್ತ ಕಲಿಯುವ ದಾರಿ ತಪ್ಪಿದುದೂ ಅಷ್ಟೇ ನಿಜ. ಅನಂತರ 2015ರಲ್ಲಿ ಈ ವೃತ್ತಿಗೆ ಪ್ರವೇಶಪದವಿಯು ಸ್ನಾತಕೋತ್ತರ ಪದವಿಯೇ ಆಗಬೇಕೆಂದು ನಿರ್ಣಯವಾಗಿ, 2022ರ ಶರತ್ಕಾಲದಿಂದೀಚೆಗೆ ಸ್ನಾತಕ ತರಗತಿಗಳಿಗೆ ಹೊಸಬರನ್ನು ತೆಗೆದುಕೊಳ್ಳುವುದು ನಿಂತಿದೆ. ಸಂಬಳವು ಪದವಿಯಷ್ಟು ಬೇಗ ಏರುವುದಿಲ್ಲವೆಂಬ ಆಕ್ಷೇಪವನ್ನು ಅಲ್ಲಿಯವರೇ ಎತ್ತಿದ್ದಾರೆ. ಅದನ್ನು ಅಲ್ಲಗಳೆಯುವುದು ಸುಲಭವಲ್ಲ.

ಈಗಿನ ಕ್ರಮ ಹೀಗಿದೆ. ವಿದ್ಯಾರ್ಥಿಯು ಸ್ನಾತಕ ಪದವಿಯ ಕಾಲದಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಮನಶ್ಶಾಸ್ತ್ರ, ಶರೀರರಚನೆ, ಶರೀರಕ್ರಿಯೆ ಇವುಗಳ ಪಾಠವನ್ನು ಮುಗಿಸಿರಬೇಕು. ಆಮೇಲೆ ಸಾಮಾನ್ಯವಾಗಿ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗ. ಅದರಲ್ಲಿ ಪಾಠದ ಜೊತೆಗೇ ತಂಡಗಳ ನಡುವೆ ಇದ್ದು ಕೈಯಭ್ಯಾಸ ಮಾಡಬೇಕು. ಒಮ್ಮೆಯಾದರೂ ಕಡಮೆಯೆಂದರೆ ನಾಲ್ಕು ವಾರಗಳ ಕಾಲ ಬೇರೆ ಪಾಠವಿಲ್ಲದೆ ಇಡೀ ದಿನ ಅದರಲ್ಲಿಯೇ ಮುಳುಗಿರಬೇಕೆಂದು ನಿಯಮ. ಪದವಿಯ ತರುವಾಯ ಪ್ರಮಾಣಮಂಡಲಿಯ ಪರೀಕ್ಷೆ. ಅದರ ಮೇಲೆ ತಾನು ಕೆಲಸ ಮಾಡುವ ರಾಜ್ಯದ ಅನುಮತಿ. 2024ರ ವರೆಗೆ ಕ್ಯಾಲಿಫೋರ್ನಿಯ ಒಂದನ್ನು ಬಿಟ್ಟು ಉಳಿದ ರಾಜ್ಯಗಳೆಲ್ಲ ಈ ವೃತ್ತಿಗೆ ಕಾನೂನಿನ ಕಟ್ಟಳೆಯನ್ನು ಮಾಡಿದ್ದುವು. ಅನುಮತಿ ದೊರೆತವನೂ ಎರಡು ವರ್ಷಕ್ಕೊಮ್ಮೆ 50 ಗಂಟೆಗಳಷ್ಟು ಹೊಸ ವ್ಯಾಸಂಗವನ್ನು ಮಾಡಿ ತೋರಿಸಬೇಕು.

ಓದಿದ್ದೆಲ್ಲವೂ ಪ್ರಯೋಜನಕ್ಕೆ ಬರುವ ಗಳಿಗೆ ಬಹಳ ಸಣ್ಣದು. ಉಷ್ಣಾಘಾತವನ್ನು ಉದಾಹರಣೆಯಾಗಿ ನೋಡಬಹುದು. ಬಿಸಿಲಿನಲ್ಲಿ ಓಡುವವನು ತತ್ತರಿಸುತ್ತಾನೆ, ಸಂಬಂಧವಿಲ್ಲದ ಮಾತಾಡುತ್ತಾನೆ, ಕುಸಿಯುತ್ತಾನೆ. ಅದು ಬರಿಯ ಬಳಲಿಕೆಯೋ ಪ್ರಾಣಾಪಾಯವೋ ಎಂದು ತಿಳಿಯುವುದಕ್ಕೆ ಹಣೆಯನ್ನು ಮುಟ್ಟಿ ನೋಡಿದರೆ ಸಾಲದು. ಬಾಯಲ್ಲಿ ಇಟ್ಟ ಉಷ್ಣಮಾಪಕವೂ ವಂಚಿಸುತ್ತದೆ. ಗುದದ್ವಾರದಿಂದ ಅಳೆದ ದೇಹದ ಒಳ ಉಷ್ಣತೆಯೇ ಪ್ರಮಾಣ. ಅದು 40.5 ಡಿಗ್ರಿಯನ್ನು ಮೀರಿ, ಬುದ್ಧಿಯೂ ಕದಡಿದ್ದರೆ, ಆತನನ್ನು ಕೂಡಲೆ ಹಿಮದ ನೀರಿನ ತೊಟ್ಟಿಯಲ್ಲಿ ಕುತ್ತಿಗೆಯ ವರೆಗೆ ಮುಳುಗಿಸಬೇಕು. ಆಸ್ಪತ್ರೆಗೆ ಸಾಗಿಸುವುದು ಆಮೇಲಿನ ಮಾತು. ಮೊದಲು ತಣಿಸು, ಬಳಿಕ ಸಾಗಿಸು ಎಂಬುದೇ ಇಲ್ಲಿಯ ಸೂತ್ರ. ಅರ್ಧ ಗಂಟೆಯೊಳಗೆ ಉಷ್ಣತೆಯನ್ನು 39ರ ಕೆಳಕ್ಕೆ ಇಳಿಸಿದರೆ ಬದುಕುವ ಸಂಭವ ಬಹಳ ಹೆಚ್ಚು. ತೊಟ್ಟಿಯನ್ನು ಬೆಳಗ್ಗೆಯೇ ತುಂಬಿಸಿಟ್ಟಿರಬೇಕಲ್ಲದೆ ಆಟಗಾರನು ಬಿದ್ದ ಮೇಲೆ ಹಿಮವನ್ನು ಹುಡುಕಹೊರಟರೆ ಕೆಲಸ ಕೆಟ್ಟಿತು. ವಿದ್ಯೆಯ ಬಹುಭಾಗವು ಹೀಗೆ ಏನೂ ಆಗದಿರುವಾಗ ಮಾಡುವ ಸಿದ್ಧತೆಯಲ್ಲಿದೆ. ಅದಕ್ಕೆ ಯಾರ ಮೆಚ್ಚುಗೆಯೂ ದೊರೆಯುವುದಿಲ್ಲ. (ಮೃಚ್ಛಕಟಿಕದ ಸಂವಾಹಕನು ಮುಂದೆ ಭಿಕ್ಷುವಾಗಿ, ಎಂಟನೆಯ ಅಂಕದಲ್ಲಿ, ಶಕಾರನು ಕತ್ತು ಹಿಸುಕಿ ಸತ್ತಳೆಂದು ಬಿಟ್ಟುಹೋದ ವಸಂತಸೇನೆಯ ಮೇಲೆ ಒದ್ದೆ ವಸ್ತ್ರವನ್ನು ಹಿಂಡಿ, ಬೀಸಿ, ಎಚ್ಚರಗೊಳಿಸುವುದನ್ನು ಓದುಗರು ಇಲ್ಲಿ ನೆನೆಯಬಹುದು. ಜೀವಿಕೆಯನ್ನು ಬಿಟ್ಟಿದ್ದರೂ ಕಲೆ ಅವನನ್ನು ಬಿಟ್ಟಿರಲಿಲ್ಲ.)

ಮಿದುಳು ಅಲುಗಿದ ಪೆಟ್ಟಿನ ವಿಷಯ ಇದಕ್ಕಿಂತ ಕಷ್ಟ. ಹೊರಗೆ ಗಾಯವಿಲ್ಲ, ಆಟಗಾರನು ತನಗೇನೂ ಆಗಿಲ್ಲವೆಂದು ಆಣೆಯಿಡುತ್ತಾನೆ. 2009ರಲ್ಲಿ ವಾಷಿಂಗ್‌ಟನ್ ರಾಜ್ಯವು ಅಂಥ ಬಾಲಕರನ್ನು ಕೂಡಲೆ ಆಟದಿಂದ ತೆಗೆಯಬೇಕು, ಅರ್ಹರ ಲಿಖಿತ ಅಪ್ಪಣೆಯಿಲ್ಲದೆ ಮರಳಿ ಆಡಿಸಬಾರದು ಎಂದು ಶಾಸನ ಮಾಡಿತು. 2014ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲಿಯೂ ಇಂಥ ಶಾಸನಗಳಾದುವು.

ಇಲ್ಲಿಂದ ಗೆರೆನಸ್ಸನ ಕಥೆಗೆ ಮರಳಬೇಕಾಗುತ್ತದೆ. ಟ್ರೈನರನು ಆಟ ಬೇಡವೆಂದರೆ ಕೋಚಿಗೆ ಒಪ್ಪಿಗೆಯಾಗದು; ಟ್ರೈನರನ ಸಂಬಳವನ್ನು ಕೊಡುವ ಇಲಾಖೆಯೇ ಕೋಚಿನ ಗೆಲುವಿನಿಂದ ಹಣ ಪಡೆಯುವುದು. ಈ ಕಾರಣದಿಂದ 2016ರ ಜನವರಿಯಲ್ಲಿ ಕಾಲೇಜು ಕ್ರೀಡಾಸಂಘದ ಐದು ದೊಡ್ಡ ಮಂಡಲಗಳವರು, ಆಟಗಾರನ ಆರೋಗ್ಯ ಮತ್ತು ಆಟಕ್ಕೆ ಮರಳುವಿಕೆಯ ವಿಷಯದಲ್ಲಿ ವೈದ್ಯನ ಮತ್ತು ಅಥ್ಲೆಟಿಕ್ ಟ್ರೈನರನ ನಿರ್ಣಯವನ್ನು ಕೋಚು ಪ್ರಶ್ನಿಸತಕ್ಕದ್ದಲ್ಲವೆಂದು ನಿಯಮ ಮಾಡಿದರು. ಆದರೂ 2018ರ ಮೇ ತಿಂಗಳಲ್ಲಿ, ಅದೇ ಮಂಡಲಗಳಲ್ಲೊಂದಕ್ಕೆ ಸೇರಿದ ಮೇರಿಲೆಂಡ್ ವಿಶ್ವವಿದ್ಯಾನಿಲಯದಲ್ಲಿ, ಅಭ್ಯಾಸದ ಓಟದ ಕಾಲದಲ್ಲಿ ಉಷ್ಣಾಘಾತಕ್ಕೊಳಗಾದ ತರುಣನೊಬ್ಬನು ಜೂನಿನಲ್ಲಿ ತೀರಿಕೊಂಡನು. ಅವನ ಉಷ್ಣತೆಯನ್ನು ಅಳೆದಿರಲಿಲ್ಲ, ತಣ್ಣೀರಿನಲ್ಲಿ ಮುಳುಗಿಸಿರಲಿಲ್ಲ ಎಂಬುದು ಪ್ರಕಟವಾಗಿ, ಆಗಸ್ಟಿನಲ್ಲಿ ವಿಶ್ವವಿದ್ಯಾನಿಲಯದ ಅಧ್ಯಕ್ಷನು ತಮ್ಮ ಟ್ರೈನರುಗಳ ತಪ್ಪಿಗೆ ಕಾನೂನಿನ ಮತ್ತು ಧರ್ಮದ ಹೊಣೆಯನ್ನು ಒಪ್ಪಿಕೊಂಡನು. ಅಧಿಕಾರವನ್ನು ಬರೆದುಕೊಟ್ಟ ಮಾತ್ರಕ್ಕೆ ಕಣ್ಣು ಬರುವುದಿಲ್ಲ. ಕಣ್ಣಿದ್ದವನ ದೃಷ್ಟಾಂತವೂ ಇದೆ: 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ನಡೆದ ಫುಟ್‌ಬಾಲ್ ಪಂದ್ಯದಲ್ಲಿ ಬಫಲೋ ತಂಡದ ಡಮಾರ್ ಹ್ಯಾಮ್ಲಿನ್ ಎಂಬ ಆಟಗಾರನ ಹೃದಯವು ಅಂಗಣದಲ್ಲಿಯೇ ನಿಂತಾಗ, ತಂಡದ ಸಹಾಯಕ ಅಥ್ಲೆಟಿಕ್ ಟ್ರೈನರ್ ಡೆನ್ನಿ ಕೆಲಿಂಗ್‌ಟನ್ ಎದೆಯೊತ್ತುವ ಚಿಕಿತ್ಸೆಯನ್ನು ನಡೆಸಿದನು. ಹ್ಯಾಮ್ಲಿನ್ ಬದುಕಿದ್ದಲ್ಲದೆ ಅದೇ ವರ್ಷ ಆಟಕ್ಕೂ ಮರಳಿದನು.

ಜೀವಿಕೆಯ ಸ್ಥಾನಗಳು ಹಲವಿವೆ. ವೃತ್ತಿಪರ ತಂಡಗಳು ಹೆಸರು ತರುವುವು, ಆದರೆ ಸ್ಥಾನಗಳು ಸ್ವಲ್ಪ. ವಿಶ್ವವಿದ್ಯಾನಿಲಯಗಳು, ಪ್ರೌಢಶಾಲೆಗಳು, ಆಸ್ಪತ್ರೆಗಳು ಹೆಚ್ಚು ಜನಕ್ಕೆ ಕೆಲಸ ಕೊಡುವುವು. ಸೈನ್ಯ, ಕಾರ್ಖಾನೆ, ನೃತ್ಯಮಂಡಲಿಗಳಲ್ಲಿಯೂ ಈಚೆಗೆ ಅವಕಾಶವುಂಟು. 2015ರಲ್ಲಿ ಪ್ರಕಟವಾದ ಒಂದು ಗಣನೆಯಂತೆ ಅಮೆರಿಕದ ಸರಕಾರಿ ಪ್ರೌಢಶಾಲೆಗಳಲ್ಲಿ ನೂರಕ್ಕೆ 70ರಲ್ಲಿ ಅಥ್ಲೆಟಿಕ್ ಟ್ರೈನರನ ಸೇವೆ ಒಂದಿಲ್ಲೊಂದು ಬಗೆಯಲ್ಲಿ ದೊರೆಯುತ್ತಿತ್ತು. ಪೂರ್ಣಕಾಲದವನು ಇದ್ದದ್ದು ನೂರಕ್ಕೆ 37ರಲ್ಲಿ ಮಾತ್ರ. ಸಂಜೆಯ ಅಭ್ಯಾಸ, ರಾತ್ರಿಯ ಪಂದ್ಯ, ವಾರಾಂತ್ಯದ ಪ್ರವಾಸ ಇವುಗಳಿಂದ ಗೃಹಕೃತ್ಯಕ್ಕೆ ಬಿಡುವಿಲ್ಲದೆ ಕೆಲವರು ವೃತ್ತಿಯನ್ನೇ ಬಿಡುವುದುಂಟು. ಈ ವಿದ್ಯೆಗೆ ಸೇರುವ ತರುಣರು ಪದವಿಯ ಪತ್ರಿಕೆಗಿಂತ ಮುಂಚೆ ಇದನ್ನು ತಿಳಿದಿರುವುದು ಒಳ್ಳೆಯದು.

ಭರತಖಂಡದಲ್ಲಿ ಈ ವಿದ್ಯೆಯು ಪ್ರತ್ಯೇಕ ವೃತ್ತಿಯಾಗಿ ಬೆಳೆದಿಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಓದಿಬಂದ ಹ್ಯಾರಿ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವೈ. ಎಂ. ಸಿ. ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು; ಅದು ವ್ಯಾಯಾಮದ ಉಪಾಧ್ಯಾಯರನ್ನು ಸಿದ್ಧಗೊಳಿಸುವ ಶಾಲೆ. 1957ರಲ್ಲಿ ಗ್ವಾಲಿಯರಿನಲ್ಲಿ ಹುಟ್ಟಿದ ಲಕ್ಷ್ಮೀಬಾಯಿ ಕಾಲೇಜೂ ಆ ವರ್ಗದ್ದೇ. 1961ರಲ್ಲಿ ಪಟಿಯಾಲದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ರೀಡಾಸಂಸ್ಥೆಯು ಮುಖ್ಯವಾಗಿ ಕೋಚುಗಳನ್ನು ತಯಾರಿಸುತ್ತದೆ. ಆಟಗಾರರ ಅಂಗಪಾಲನೆಯ ಕೆಲಸವನ್ನು ಇಲ್ಲಿ ಕ್ರೀಡಾವಿಷಯದಲ್ಲಿ ವಿಶೇಷ ವ್ಯಾಸಂಗ ಮಾಡಿದ ಭೌತಚಿಕಿತ್ಸಕರು ನಿರ್ವಹಿಸುತ್ತಾರೆ. ಹಳ್ಳಿಯ ಶಾಲೆಯ ಓಟದ ಪಂದ್ಯದಲ್ಲಿ ಅವರೂ ಇರುವುದಿಲ್ಲ. ವ್ಯಾಯಾಮದ ಮೇಷ್ಟರೇ ಕಲಿಸುವವರು, ಅವರೇ ತೀರ್ಪುಗಾರರು, ಬಿದ್ದ ಹುಡುಗನನ್ನು ಎತ್ತುವವರೂ ಅವರೇ.

ಆದುದರಿಂದ ಅಮೆರಿಕಕ್ಕೆ ಹೋಗಿ ಓದಬಯಸುವ ಕನ್ನಡ ವಿದ್ಯಾರ್ಥಿಗೆ ಉಪಾಧ್ಯಾಯರು ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಕೋಚಾಗಬೇಕೆಂಬವನು ಈ ಪಾಠಕ್ರಮಕ್ಕೆ ಸೇರಿದರೆ ಎರಡು ವರ್ಷಗಳನ್ನೂ ಹಣವನ್ನೂ ಕಳೆದುಕೊಳ್ಳುವನು. ಈ ವಿದ್ಯೆಯನ್ನೇ ಬಯಸಿ ಓದಿದವನೂ ಆ ಪದವಿಯಿಂದ ಇಲ್ಲಿ ಭೌತಚಿಕಿತ್ಸಕನಾಗಲಾರನು; 2021ರ ಆರೋಗ್ಯವೃತ್ತಿಗಳ ಕೇಂದ್ರ ಶಾಸನದಲ್ಲಿ ಭೌತಚಿಕಿತ್ಸೆಯು ತನ್ನದೇ ವ್ಯಾಸಂಗದ ಕಟ್ಟಳೆಯುಳ್ಳ ಪ್ರತ್ಯೇಕ ವೃತ್ತಿ. ಈ ಗೊಂದಲದ ಅರ್ಧಭಾಗವು ತರಬೇತುದಾರನೆಂಬ ಅನುವಾದದಿಂದ ಹುಟ್ಟಿದುದು. ಅಂಗರಕ್ಷಕನೆಂದರೆ ರಾಜಭಟನ ನೆನಪಾಗುತ್ತದೆ. ಕ್ರೀಡಾವೈದ್ಯನೆಂದರೆ ವೈದ್ಯಪದವಿಯಿಲ್ಲದವನಿಗೆ ವೈದ್ಯನ ಹೆಸರನ್ನು ಕೊಟ್ಟಂತಾಗುತ್ತದೆ. ಹಿಂದೆ ಹೇಳಿದ ಧಾತ್ವರ್ಥವನ್ನೂ ಸುಶ್ರುತನ ಅರ್ಧಬಲವನ್ನೂ ನೆನೆದರೆ ವ್ಯಾಯಾಮಪಾಲಕನೆಂಬ ಹೆಸರು ಹೊಂದೀತು. ಇದಕ್ಕಿಂತ ಮೇಲಾದುದು ಗರಡಿಯವರ ಬಾಯಲ್ಲಿ ಈಗಾಗಲೇ ಬಳಕೆಯಲ್ಲಿದ್ದರೆ, ನಿಘಂಟುಕಾರರು ಅದನ್ನೇ ಹಿಡಿಯತಕ್ಕದ್ದು.